ಹಾರುವ ಮುನ್ನ ಸೀಟು ನೋಡಿ: ಮಿಲಿಟರಿ ತರಬೇತಿ ವಿಮಾನದ ಕಾಕ್‌ಪಿಟ್ ತಪಾಸಣೆ ಹೇಗೆ?

ತರಬೇತಿ ಜೆಟ್‌ನ ಪೈಲಟ್‌ಗಳು ಕೂರುವುದು ಸ್ಫೋಟಕದ ಮೇಲೆ. ಎಜೆಕ್ಷನ್ ಸೀಟಿನ ಬೆನ್ನ ಹಿಂದೆ ಕಾರ್ಟ್ರಿಜ್ ತುಂಬಿದ ಗನ್ ಇರುತ್ತದೆ. ಅಡಿಯಲ್ಲಿ ರಾಕೆಟ್ ಇರುತ್ತದೆ. ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಹಿಡಿ ಇರುತ್ತದೆ. ಅದನ್ನು ಎಳೆದರೆ ಎರಡು-ಮೂರು ಸೆಕೆಂಡಿನಲ್ಲಿ ಪೈಲಟ್ ವಿಮಾನದಿಂದ ಹೊರಗೆ, ಪ್ಯಾರಾಶೂಟ್ ಕೆಳಗೆ.

ಬೆಂಗಳೂರಿಗೂ ಇಂಥ ವಿಮಾನಗಳಿಗೂ ಹಳೆಯ ನಂಟು. ಎಚ್‌ಎಎಲ್‌ನ ಕಿರಣ್ ಜೆಟ್ 1964ರಲ್ಲಿ ಮೊದಲ ಸಲ ಹಾರಿತು. ಸಿತಾರ 2003ರಲ್ಲಿ, ಎಚ್‌ಟಿಟಿ-40 2016ರಲ್ಲಿ ಹಾರಿದವು. ಬ್ರಿಟನ್ ವಿನ್ಯಾಸದ ಹಾಕ್ ಜೆಟ್‌ಗಳನ್ನೂ ಇಲ್ಲೇ ಜೋಡಿಸಿದರು. ಆ ಹಾಕ್‌ಗಳಲ್ಲಿ ಯುವ ಪೈಲಟ್‌ಗಳು ಕಲಿಯುವುದು ನಮ್ಮದೇ ಬೀದರ್‌ನಲ್ಲಿ. ವಾಯುಪಡೆ ಸೇರಲು ಎನ್‌ಡಿಎ, ಆಫ್‌ಕ್ಯಾಟ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ಕಾಕ್‌ಪಿಟ್ ಒಳಗೆ ಮೊದಲ ಹತ್ತು ನಿಮಿಷ ಏನು ನಡೆಯುತ್ತದೆ ಎಂಬುದನ್ನು ಅವರು ಈಗಲೇ ತಿಳಿದಿರಲಿ. ಒಂದು ಮಾತು ಮೊದಲೇ ಹೇಳಬೇಕು. ಸೀಟು ತಾನಾಗಿ ಚಿಮ್ಮದಂತೆ ತಡೆಯುವ ಪಿನ್ನುಗಳ ಸಂಖ್ಯೆ, ಪಟ್ಟಿ ಕಟ್ಟುವ ಕ್ರಮ ವಿಮಾನದಿಂದ ವಿಮಾನಕ್ಕೆ ಬದಲಾಗುತ್ತವೆ. ಆಯಾ ವಿಮಾನದ ಚೆಕ್‌ಲಿಸ್ಟ್ ಹೇಳಿದ್ದೇ ಕೊನೆಯ ಮಾತು.

ಎಜೆಕ್ಷನ್ ಸೀಟಿಗೆ ಎರಡು ಅಪಾಯಗಳಿವೆ. ಬೇಡದಾಗ ಹಾರಿಬಿಡುವುದು ಒಂದು. ಬೇಕಾದಾಗ ಕೆಲಸ ಮಾಡದಿರುವುದು ಇನ್ನೊಂದು. ಸೀಟಿನ ಪ್ರತಿ ತಪಾಸಣೆಯೂ ಈ ಎರಡರಲ್ಲಿ ಒಂದನ್ನು ತಡೆಯಲು ಇದೆ. ಯಾವುದು ಯಾವುದಕ್ಕೆ ಎಂದು ಗೊತ್ತಿದ್ದರೆ ಚೆಕ್‌ಲಿಸ್ಟ್ ಬಾಯಿಪಾಠ ಆಗುವುದಿಲ್ಲ. ಕಣ್ಣು ಸುಮ್ನೆ ಜಾರಿಹೋಗುವುದೂ ಇಲ್ಲ.

ವಿಮಾನದ ಹತ್ತಿರ ಹೋಗುವ ಮೊದಲು

ಮೊದಲು ಫಾರ್ಮ್ 700 ಓದಿ. ಆ ವಿಮಾನದ ಸರ್ವಿಸಿಂಗ್ ದಾಖಲೆ ಅದು. ಹಿಂದಿನ ಹಾರಾಟದಲ್ಲಿ ಏನು ದೋಷ ಕಂಡಿತು, ಯಾರು ಸರಿಪಡಿಸಿದರು, ಯಾರು ಸಹಿ ಹಾಕಿದರು, ಎಲ್ಲ ಅದರಲ್ಲಿದೆ. ಸೀಟನ್ನು ಇತ್ತೀಚೆಗೆ ಹೊರತೆಗೆದು ಮತ್ತೆ ಕೂರಿಸಿದ್ದರೆ ಆ ದಿನ ಸೀಟಿನ ಮೇಲೆ ಇನ್ನೂ ಜಾಸ್ತಿ ಗಮನ ಕೊಡಿ.

ನಂತರ ಜೇಬು ಖಾಲಿ ಮಾಡಿ. ಪೆನ್ನು, ಮೊಬೈಲ್, ನಾಣ್ಯ, ಕೀ ಗೊಂಚಲು ಯಾವುದೂ ಸಡಿಲವಾಗಿ ಇರಬಾರದು. ಇದು ಶಿಸ್ತಿಗಾಗಿ ಮಾತ್ರ ಅಲ್ಲ. 2014ರ ಫೆಬ್ರುವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ಎಂಬ ದೊಡ್ಡ ವಿಮಾನ ಹಾರುತ್ತಿದ್ದಾಗಲೇ 27 ಸೆಕೆಂಡಿನಲ್ಲಿ 4,400 ಅಡಿ ಕೆಳಗೆ ಬಿತ್ತು. ಕಾರಣ ಒಂದು ಕ್ಯಾಮೆರಾ. ಅದು ಪೈಲಟ್‌ನ ಸೀಟಿನ ಕೈ ಆಸರೆಗೂ ನಿಯಂತ್ರಣ ಕಡ್ಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅಷ್ಟು ವಿಶಾಲವಾದ ಕಾಕ್‌ಪಿಟ್‌ನಲ್ಲೇ ಹೀಗಾಯಿತು. ಮೊಣಕೈ ಚಾಚಲೂ ಜಾಗವಿಲ್ಲದ ತರಬೇತಿ ಜೆಟ್‌ನಲ್ಲಿ, ಅದೂ ತಲೆಕೆಳಗಾಗಿ ಹಾರುವ ಪಾಠದಲ್ಲಿ, ಒಂದು ಪೆನ್ನು ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು.

ವಿಮಾನದ ಸುತ್ತ ಒಂದು ಸುತ್ತು ಹಾಕಿ ಟೈರು, ಸೋರಿಕೆ, ಗಾಳಿ ಸೇರುವ ಬಾಯಿ, ಮುಚ್ಚಳಗಳನ್ನು ನೋಡಿ. ಅದೇ ಬೇರೆ ಲೇಖನದಷ್ಟು ದೊಡ್ಡ ವಿಷಯ. ನಾವೀಗ ಏಣಿ ಹತ್ತೋಣ.

ಏಣಿಯ ಮೇಲೆ ನಿಂತು

ಒಳಗೆ ಕಾಲಿಡುವ ಮೊದಲೇ ಸೀಟು ಸೇಫ್ ಆಗಿದೆಯೇ ನೋಡಬೇಕು. ಕೂತ ಮೇಲೆ ನೋಡಿದರೆ ತಡವಾಯಿತು. ಒಳಗಿಳಿಯುವಾಗಲೇ ಬೂಟು, ಪಟ್ಟಿ, ನಕ್ಷೆಯ ಚೀಲ ಹಿಡಿಗೆ ತಾಗಬಹುದು, ಅಲ್ವಾ?

ಸೇಫ್ಟಿ ಪಿನ್ನಿಗೆ ಕೆಂಪು ಪಟ್ಟಿ ಕಟ್ಟಿರುತ್ತಾರೆ. ದೂರದಿಂದಲೂ ಕಾಣುತ್ತದೆ. ಕಂಡ ಕೂಡಲೇ ‘ಪಿನ್ ಇದೆ’ ಎಂದು ಮನಸ್ಸು ಹೇಳಿಬಿಡುತ್ತದೆ. ಅಲ್ಲೇ ಎಡವುವುದು. ಪಿನ್ ಇರುವುದು ಬೇರೆ, ಸೀಟು ಸೇಫ್ ಆಗಿರುವುದು ಬೇರೆ.

2011ರ ನವೆಂಬರ್ 8ರಂದು ಬ್ರಿಟನ್‌ನ ಸ್ಕ್ಯಾಂಪ್ಟನ್ ವಾಯುನೆಲೆಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಬ್ರಿಟನ್ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ರೆಡ್ ಆ್ಯರೋಸ್‌ನ ಫ್ಲೈಟ್ ಲೆಫ್ಟಿನೆಂಟ್ ಶಾನ್ ಕನ್ನಿಂಗ್‌ಹ್ಯಾಮ್ ಹಾಕ್ ವಿಮಾನದಲ್ಲಿ ಕೂತು ಹಾರಾಟದ ಮುಂಚಿನ ತಪಾಸಣೆ ಮಾಡುತ್ತಿದ್ದರು. ವಿಮಾನ ನಿಂತಲ್ಲೇ ಇತ್ತು. ಸೀಟು ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮಿತು. ಪ್ಯಾರಾಶೂಟ್ ಬಿಚ್ಚಿಕೊಳ್ಳಲಿಲ್ಲ. ಅವರು ಬದುಕಲಿಲ್ಲ. ತನಿಖೆಯಲ್ಲಿ ಎರಡು ಸಂಗತಿ ಹೊರಬಂದವು. ಕೆಲವು ದಿನಗಳ ಹಿಂದಿನ ಹಾರಾಟದಲ್ಲಿ ಸೀಟಿನ ಒಂದು ಪಟ್ಟಿ ಹಿಡಿಯೊಳಗೆ ತೂರಿಕೊಂಡು ಅದನ್ನು ತನ್ನ ಜಾಗದಿಂದ ಸರಿಸಿತ್ತು. ಹಿಡಿ ಹಾಗೆ ಸರಿದಿದ್ದರೂ ಪಿನ್ ಒಳಗೆ ಹೋಗುತ್ತಿತ್ತು, ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಇನ್ನೊಂದು, ಪ್ಯಾರಾಶೂಟನ್ನು ಎಳೆದು ತೆರೆಯಬೇಕಾದ ಭಾಗದ ಒಂದು ಬೋಲ್ಟನ್ನು ಅತಿಯಾಗಿ ಬಿಗಿದಿದ್ದರು. ಬೇಡದಾಗ ಹಾರುವುದು, ಬೇಕಾದಾಗ ಕೆಲಸ ಮಾಡದಿರುವುದು, ಎರಡೂ ಒಂದೇ ಸೀಟಿನಲ್ಲಿ, ಒಂದೇ ಬೆಳಿಗ್ಗೆ.

ಹಾಗಾಗಿ ಪಿನ್ ನೋಡುವ ಮೊದಲು ಹಿಡಿ ನೋಡಿ. ಹಿಡಿ ತನ್ನ ಗೂಡಿನಲ್ಲಿ ಪೂರ್ತಿ ಕೆಳಗೆ ಕೂತಿದೆಯೇ? ಓರೆಯಾಗಿದೆಯೇ? ಯಾವುದಾದರೂ ಪಟ್ಟಿ ಅದರೊಳಗೆ ತೂರಿದೆಯೇ? ಆಮೇಲೆ ಪಿನ್. ಅದು ಹಿಡಿಯನ್ನೂ ಗೂಡನ್ನೂ ದಾಟಿ ಪೂರ್ತಿ ಒಳಗೆ ಹೋಗಿದೆಯೇ? ಬೆರಳಿನಿಂದ ಪಿನ್ನಿನ ತಲೆ ಮುಟ್ಟಿ ಖಚಿತಪಡಿಸಿಕೊಳ್ಳಿ. ಹಿಡಿಯನ್ನು ಮಾತ್ರ ಎಳೆದು ನೋಡಬೇಡಿ, ಯಾವ ಕಾರಣಕ್ಕೂ. ಏನೋ ಸರಿಯಿಲ್ಲ ಅನ್ನಿಸಿದರೆ ಕೈ ಹಿಂದೆ ತೆಗೆದು ಸೀಟಿನ ತಂತ್ರಜ್ಞರನ್ನು ಕರೆಯಿರಿ. ನೀವೇ ಸರಿಮಾಡಲು ಹೋಗಬೇಡಿ.

ಈಗ ಸೀಟಿನ ತಲೆಯ ಕಡೆ ನೋಡಿ. ಮಾರ್ಟಿನ್-ಬೇಕರ್ ಕಂಪನಿಯ ಹಲವು ಸೀಟುಗಳಲ್ಲಿ ಅಲ್ಲೊಂದು ಟಾಪ್ ಲ್ಯಾಚ್ ಇರುತ್ತದೆ. ಸೀಟನ್ನು ವಿಮಾನಕ್ಕೆ ಹಿಡಿದಿಡುವ ಚಿಲಕ ಅದು. ಚಿಲಕ ಸರಿಯಾಗಿ ಬಿದ್ದಿದ್ದರೆ ಅದರ ಸೂಚಕ ಮಟ್ಟಸವಾಗಿ ಕೂತಿರುತ್ತದೆ. ಹೊರಗೆ ಚಾಚಿದ್ದರೆ ಅಥವಾ ಒಳಗೆ ಕುಸಿದಿದ್ದರೆ ಹಾರಬೇಡಿ. ಚಿಲಕ ಬೀಳದ ಸೀಟು ವಿಮಾನ ತಲೆಕೆಳಗಾದಾಗ ಹಳಿಯ ಮೇಲೆ ಜಾರಬಹುದು. ನನ್ನನ್ನು ಕೇಳಿದರೆ ಇಡೀ ಚೆಕ್‌ಲಿಸ್ಟ್‌ನಲ್ಲಿ ಎರಡು ಸಲ ನೋಡಬೇಕಾದ್ದು ಹಿಡಿ ಮತ್ತು ಈ ಚಿಲಕ.

ಮೇಲೆ ಕ್ಯಾನೊಪಿ, ಅಂದರೆ ಕಾಕ್‌ಪಿಟ್‌ನ ಗಾಜಿನ ಮುಚ್ಚಳ ಇದೆ. ಏರೋ ಇಂಡಿಯಾದಲ್ಲಿ ಯಲಹಂಕಕ್ಕೆ ಹೋದವರು ಹಾಕ್‌ನ ಗಾಜಿನ ಮೇಲೆ ಅಂಕುಡೊಂಕು ಗೆರೆ ನೋಡಿರುತ್ತೀರಿ. ಅದು ಅಲಂಕಾರವಲ್ಲ, ತೆಳುವಾದ ಸ್ಫೋಟಕ ಬಳ್ಳಿ. ಸೀಟು ಚಿಮ್ಮುವ ಮುನ್ನ ಅದು ಸಿಡಿದು ಕ್ಯಾನೊಪಿಯನ್ನು ಚೂರು ಮಾಡುತ್ತದೆ. ಅದಕ್ಕೂ ಬೇರೆ ಪಿನ್ ಇರುತ್ತದೆ, ಅದನ್ನೂ ನೋಡಿ. ಬಳ್ಳಿ ಗಾಜಿನಿಂದ ಎದ್ದುಬಂದಿಲ್ಲ ತಾನೇ ಎಂದೂ ನೋಡಿ. ಹೆಲ್ಮೆಟ್‌ನ ವೈಸರ್ ಕೆಳಗಿರಬೇಕು ಎಂದು ಶಿಕ್ಷಕರು ಮತ್ತೆ ಮತ್ತೆ ಹೇಳುವುದೂ ಇದಕ್ಕೇ. ಬಳ್ಳಿ ಸಿಡಿದಾಗ ಸೀಸದ ಕಣಗಳೂ ಗಾಜಿನ ಚೂರುಗಳೂ ಮುಖದ ಕಡೆಗೇ ಬರುತ್ತವೆ.

ಕೂತು ಕಟ್ಟಿಕೊಳ್ಳುವುದು

ಮೊದಲು ಬೆನ್ನು ಪೂರ್ತಿ ಹಿಂದಕ್ಕೆ. ಸೊಂಟ ಸೀಟಿನ ಮೂಲೆಗೆ ತಾಗಬೇಕು. ಚಿಮ್ಮುವಾಗ ದೇಹದ ಮೇಲೆ ಬೀಳುವ ಒತ್ತಡ ಹತ್ತು ಜಿ, ಅಂದರೆ ದೇಹದ ತೂಕದ ಹತ್ತು ಪಟ್ಟು, ದಾಟುತ್ತದೆ, ಹದಿನೈದರ ಆಚೆಗೂ ಹೋಗಬಹುದು. ಬೆನ್ನುಮೂಳೆ ನೆಟ್ಟಗಿದ್ದರೆ ಈ ಭಾರ ಒಂದೇ ಸಮ ಹರಡುತ್ತದೆ. ಬಾಗಿದ್ದರೆ ಒಂದೆರಡು ಕಶೇರುಗಳ ಮೇಲೇ ಬಿದ್ದು ಅವು ಮುರಿಯುತ್ತವೆ. ಎಜೆಕ್ಟ್ ಆದವರಲ್ಲಿ ಎದೆಯ ಕೊನೆ, ಸೊಂಟದ ಆರಂಭ ಸೇರುವ ಜಾಗದ ಮೂಳೆಗೆ ಪೆಟ್ಟಾಗುವುದು ಹೆಚ್ಚು. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ವೈದ್ಯರು ಹಾರಾಟ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನೇ ಅಧ್ಯಯನ ಮಾಡುತ್ತಾರೆ. ಪೈಲಟ್ ಆಯ್ಕೆಯಲ್ಲಿ ಕೂತ ಎತ್ತರ, ಕಾಲಿನ ಉದ್ದ ಅಳೆಯುವುದು ಸುಮ್ನೆ ಅಲ್ಲ.

ಇನ್ನು ಕಾಲು. ಕಾಲಿನ ಪಟ್ಟಿಗಳ ಮೂಲಕ ಹಗ್ಗ ಹಾಯಿಸಿ ಸೀಟಿಗೆ ಸೇರಿಸಬೇಕು. ಸೀಟು ಮೇಲೇರುವಾಗ ಈ ಹಗ್ಗ ಬಿಗಿದುಕೊಂಡು ಕಾಲನ್ನು ಹಿಂದಕ್ಕೆ ಎಳೆಯುತ್ತದೆ. ಹಾಯಿಸಲು ಮರೆತರೆ ಮೊಣಕಾಲು ಮುಂದಿನ ಪ್ಯಾನೆಲ್‌ಗೆ ಬಡಿಯಬಹುದು. ಹೊರಗಿನ ಗಾಳಿಯ ರಭಸಕ್ಕೆ ಕಾಲು ತಿರುಚಿಹೋಗಲೂಬಹುದು. ಎಡ-ಬಲ ಹಗ್ಗ ಅಡ್ಡಾದಿಡ್ಡಿ ಆಗಿಲ್ಲ ಎಂದು ನೋಡಿ.

ಸೀಟಿನಡಿಯ ಬದುಕುಳಿಯುವ ಚೀಲದ ಹಗ್ಗವನ್ನು ಲೈಫ್ ಜಾಕೆಟ್‌ಗೆ ಸಿಕ್ಕಿಸಿ. ಆಮ್ಲಜನಕ, ಜಿ-ಸೂಟ್‌ನ (ರಭಸದ ತಿರುವಿನಲ್ಲಿ ರಕ್ತ ಕಾಲಿಗಿಳಿಯದಂತೆ ಬಿಗಿಯುವ ಉಡುಪು) ಗಾಳಿ, ರೇಡಿಯೊ ತಂತಿ ಸೇರುವ ಕನೆಕ್ಟರ್ ಕೂರಿಸಿ, ಒಮ್ಮೆ ಎಳೆದು ನೋಡಿ. ಇದು ಎಳೆದು ನೋಡಬೇಕಾದ ವಸ್ತು. ತುರ್ತು ಆಮ್ಲಜನಕದ ಬಾಟಲಿ ತುಂಬಿದೆಯೇ ಎಂದೂ ನೋಡಿ.

ಆಮೇಲೆ ಸೊಂಟದ ಪಟ್ಟಿ, ಕೊನೆಗೆ ಭುಜದ ಪಟ್ಟಿ. ಬಿಗಿಯುವುದೂ ಇದೇ ಕ್ರಮದಲ್ಲಿ. ಭುಜದ್ದನ್ನು ಮೊದಲು ಬಿಗಿದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲಕ್ಕೆ ಏರುತ್ತದೆ. ಆಗ ದೇಹ ಅದರಡಿ ಜಾರುತ್ತದೆ. ಸೊಂಟದ ಪಟ್ಟಿ ಸ್ವಲ್ಪ ನೋವಾಗುವಷ್ಟು ಬಿಗಿಯಾಗಿಯೇ ಇರಲಿ. ಆರಾಮಕ್ಕೆ ಸಡಿಲ ಬಿಡುವವರು ಫ್ರಾನ್ಸ್‌ನ ಒಂದು ಘಟನೆ ನೆನಪಿಡಬೇಕು. 2019ರ ಮಾರ್ಚ್‌ನಲ್ಲಿ ರಫೇಲ್ ವಿಮಾನದ ಹಿಂದಿನ ಸೀಟಿನಲ್ಲಿ 64 ವರ್ಷದ ನಾಗರಿಕರೊಬ್ಬರನ್ನು ಕೂರಿಸಿದ್ದರು. ಅವರ ಪಟ್ಟಿಗಳು ಬಿಗಿಯಾಗಿರಲಿಲ್ಲ. ಮೇಲೇರಿದ ಪೈಲಟ್ ವಿಮಾನವನ್ನು ಸಮತಟ್ಟಿಗೆ ತಂದಾಗ ಅವರು ಸೀಟಿನಿಂದ ಮೇಲೆ ತೇಲಿದರು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಎಜೆಕ್ಷನ್ ಹಿಡಿ. ಹೆಲ್ಮೆಟ್ ಗಾಳಿಯಲ್ಲಿ ಹಾರಿಹೋಯಿತು, ಏಕೆಂದರೆ ಅದರ ಗಲ್ಲದ ಪಟ್ಟಿಯನ್ನೂ ಕಟ್ಟಿರಲಿಲ್ಲ. ಪುಣ್ಯಕ್ಕೆ ಅವರು ಬದುಕಿದರು.

ಕೈ, ಕಣ್ಣು, ಬಾಯಿ

ಕಾಕ್‌ಪಿಟ್ ತಪಾಸಣೆ ಎಡಗಡೆ ಹಿಂದಿನಿಂದ ಶುರುವಾಗಿ, ಮುಂದಿನ ಪ್ಯಾನೆಲ್ ದಾಟಿ, ಬಲಗಡೆ ಹಿಂದಕ್ಕೆ ಮುಗಿಯುತ್ತದೆ. ಬೆರಳು ಸ್ವಿಚ್ ಮುಟ್ಟಬೇಕು, ಕಣ್ಣು ಅದರ ಸ್ಥಿತಿ ನೋಡಬೇಕು, ಬಾಯಿ ಅದನ್ನು ಹೇಳಬೇಕು. ಮೂರರಲ್ಲಿ ಒಂದು ಬಿಟ್ಟರೂ ನಿನ್ನೆ ನೋಡಿದ್ದನ್ನೇ ಇವತ್ತೂ ಹೇಳಿಬಿಡುವ ಅಪಾಯವಿದೆ. ಮಧ್ಯದಲ್ಲಿ ರೇಡಿಯೊ ಕರೆ ಬಂದು ಲಯ ತಪ್ಪಿದರೆ ಎಲ್ಲಿ ಬಿಟ್ಟಿರಿ ಎಂದು ಊಹಿಸಬೇಡಿ. ಆ ಭಾಗದ ಮೊದಲಿನಿಂದ ಶುರುಮಾಡಿ.

ಚಕ್ರದ ಲಿವರ್ ಕೆಳಗಿರಬೇಕು. ನಿಯಂತ್ರಣ ಕಡ್ಡಿಯನ್ನು ನಾಲ್ಕೂ ದಿಕ್ಕಿಗೆ ಕೊನೆಯವರೆಗೆ ಆಡಿಸಿ, ಎಲ್ಲೂ ತಡೆಯಬಾರದು. ಇಂಧನ, ಟ್ರಿಮ್, ಬ್ರೇಕ್ ನೋಡಿ. ಇವೆಲ್ಲ ಬೇಗ ರೂಢಿಯಾಗುತ್ತವೆ.

ಎತ್ತರ ತೋರಿಸುವ ಆಲ್ಟಿಮೀಟರ್ ಬಗ್ಗೆ ಮಾತ್ರ ಎರಡು ಮಾತು. ಬೆಂಗಳೂರು ಎತ್ತರದ ಊರು. ಎಚ್‌ಎಎಲ್ ರನ್‌ವೇ ಸಮುದ್ರ ಮಟ್ಟಕ್ಕಿಂತ ಸುಮಾರು 2,900 ಅಡಿ ಮೇಲಿದೆ. ಆಲ್ಟಿಮೀಟರ್‌ನಲ್ಲಿ ಸಮುದ್ರ ಮಟ್ಟದ ಗಾಳಿಯ ಒತ್ತಡ ಇಟ್ಟುಕೊಂಡರೆ ನೆಲದ ಮೇಲೇ ಮುಳ್ಳು 2,900 ತೋರಿಸುತ್ತದೆ. ಹಾರುವಾಗ 5,000 ಕಂಡರೆ ಕೆಳಗೆ ನಿಜವಾಗಿ ಇರುವುದು 2,100 ಅಡಿ ಅಷ್ಟೆ. ಬೀದರ್‌ನಲ್ಲಿ ಲೆಕ್ಕ ಬೇರೆ, ಅಲ್ಲಿನ ನೆಲ ಸುಮಾರು 2,200 ಅಡಿ. ಎಷ್ಟು ಎತ್ತರದಲ್ಲಿ ಎಜೆಕ್ಟ್ ಆಗಲೇಬೇಕು ಎಂಬ ಮಿತಿ ನೆಲದಿಂದ ಅಳೆದದ್ದು. ಅದಕ್ಕೇ ಈ ಲೆಕ್ಕವನ್ನು ನೆಲದ ಮೇಲಿದ್ದಾಗಲೇ ಮಾಡಿ ಮುಗಿಸಿ, ಮುಳ್ಳು ಯಾವ ಅಂಕಿಗೆ ಬಂದರೆ ಹಿಡಿ ಎಳೆಯಬೇಕು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ‘ಜೀರೊ-ಜೀರೊ’ (ಎತ್ತರ ಸೊನ್ನೆ, ವೇಗ ಸೊನ್ನೆ) ಸೀಟು ನೆಲದ ಮೇಲೆ ನಿಂತ ವಿಮಾನದಿಂದಲೂ ಬದುಕಿಸುತ್ತದೆ, ನಿಜ. ಆದರೆ ವಿಮಾನ ವೇಗವಾಗಿ ಕೆಳಗಿಳಿಯುತ್ತಿದ್ದರೆ ಅದೇ ಸೀಟಿಗೂ ಎತ್ತರ ಬೇಕು.

ಇಬ್ಬರಿದ್ದಾಗ ಮಾತು ಇನ್ನೂ ಮುಖ್ಯ. ಯಾರು ಎಳೆದರೆ ಯಾರು ಹೋಗುತ್ತಾರೆ ಎಂಬುದನ್ನು ನಿರ್ಧರಿಸುವ ಕಮಾಂಡ್ ಎಜೆಕ್ಷನ್ ಲಿವರ್ ಹಲವು ವಿಮಾನಗಳಲ್ಲಿದೆ. ಹಿಂದೆ-ಮುಂದೆ ಕೂರುವ ವಿಮಾನಗಳಲ್ಲಿ ಸಾಮಾನ್ಯವಾಗಿ ಹಿಂದಿನವರು ಮೊದಲು ಹೋಗುತ್ತಾರೆ, ಮುಂದಿನ ಸೀಟಿನ ರಾಕೆಟ್ ಬೆಂಕಿ ಅವರಿಗೆ ತಾಗದಿರಲಿ ಎಂದು. ಲಿವರ್ ಯಾವ ಕಡೆ ಇದೆ ಎಂದು ಶಿಕ್ಷಕರೂ ಕಲಿಯುವವರೂ ಜೋರಾಗಿ ಹೇಳಿ ಒಪ್ಪಿಕೊಳ್ಳಬೇಕು. ‘ಎಜೆಕ್ಟ್’ ಎಂಬ ಪದವನ್ನು ನಿಜವಾಗಿ ಹೋಗಬೇಕಾದಾಗ ಬಿಟ್ಟು ಗಾಳಿಯಲ್ಲಿ ಬಳಸಬೇಡಿ.

ಪಿನ್ ತೆಗೆಯುವ ಹೊತ್ತು

ಎಲ್ಲ ಮುಗಿದ ಮೇಲೆ, ಚೆಕ್‌ಲಿಸ್ಟ್ ಹೇಳಿದ ಹಂತದಲ್ಲಿ ಪಿನ್ ತೆಗೆಯಿರಿ. ಒಂದೊಂದಾಗಿ ಎಣಿಸಿ. ನೆಲದ ಸಿಬ್ಬಂದಿಗೆ ಎತ್ತಿ ತೋರಿಸಿ. ಅವುಗಳ ಗೂಡಿನಲ್ಲೇ ಇಡಿ, ಜೇಬಿನಲ್ಲಿ ಬೇಡ. ಇಲ್ಲಿ ತಪ್ಪಿದರೆ ಆಗುವುದು ಎರಡನೇ ಬಗೆಯ ಅಪಾಯ. ಪಿನ್ ಹಾಕಿಕೊಂಡೇ ಹಾರಿದವರಿಗೆ ಹಿಡಿ ಬರುವುದಿಲ್ಲ.

ಇಳಿದ ಮೇಲೆ ಇದೆಲ್ಲ ಹಿಮ್ಮುಖವಾಗಿ ನಡೆಯಬೇಕು. ಸುಸ್ತಾಗಿರುತ್ತದೆ, ಬೆವರಿರುತ್ತದೆ, ಬೇಗ ಇಳಿದುಬಿಡೋಣ ಅನ್ನಿಸುತ್ತದೆ. ಆದರೂ ಮೊದಲು ಹಿಡಿಯ ಸ್ಥಿತಿ ನೋಡಿ ಪಿನ್ ಹಾಕಿ, ಆಮೇಲೆ ಪಟ್ಟಿ ಬಿಚ್ಚಿ. ಬಿಚ್ಚಿದ ಪಟ್ಟಿಗಳನ್ನು ಹಾಗೇ ಬಿಡಬೇಡಿ. ಹಿಡಿಯಿಂದ ದೂರ, ಸೀಟಿನ ಎರಡೂ ಬದಿಗೆ ಸರಿಸಿಡಿ. ಕೆಳಗಿಳಿದ ಮೇಲೆ ಕಂಡದ್ದನ್ನೆಲ್ಲ, ಸಣ್ಣದಾದರೂ ಸರಿ, ಫಾರ್ಮ್ 700ರಲ್ಲಿ ಬರೆದು ಸಹಿ ಹಾಕಿ.