‘ಎಕ್ಸ್‌ಪೆಕ್ಟ್’ ಅಂದರೆ ಕಾಯುವುದಲ್ಲ

ಇಂಗ್ಲಿಷಿನಲ್ಲಿ ಮೇಲ್ ಬರೆಯುವವರಿಗೆ ಒಂದು ಸಣ್ಣ ಸಲಹೆ. ‘ಎಕ್ಸ್‌ಪೆಕ್ಟ್’ ಅಂದರೆ ಹೀಗಾಗುತ್ತೆ ಅಂತ ಮನಸ್ಸಿನಲ್ಲಿ ಅಂದುಕೊಂಡಿರುವುದು. ಸ್ಟಾಪಿನಲ್ಲಿ ನಿಂತು ಕಾಯುವುದು ‘ವೇಟ್’. ಆರಕ್ಕೆ ಬಸ್ ಬರುತ್ತೆ ಅಂತ ಎಕ್ಸ್‌ಪೆಕ್ಟ್ ಮಾಡುತ್ತೇವೆ, ಆರೂವರೆಯಾದರೂ ವೇಟ್ ಮಾಡುತ್ತಲೇ ಇರುತ್ತೇವೆ, ಅಲ್ವಾ? ‘ವೇಟ್’ ಜೊತೆ ‘ಫಾರ್’ ಬೇಕು, ‘ಎಕ್ಸ್‌ಪೆಕ್ಟ್’ ಜೊತೆ ಬೇಡ. ನಾನೂ ವರ್ಷಗಟ್ಟಲೆ ‘ಎಕ್ಸ್‌ಪೆಕ್ಟಿಂಗ್ ಫಾರ್ ಯುವರ್ ರಿಪ್ಲೈ’ ಅಂತಲೇ ಬರೆಯುತ್ತಿದ್ದೆ. ‘ಫಾರ್’ ತೆಗೆದರೂ ಸ್ವಲ್ಪ ಗದರಿಸಿದ ಹಾಗೆ ಕೇಳುತ್ತದೆ. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಮೆತ್ತಗಿದೆ.

ಇನ್ನೊಂದು ವಿಷಯ. ಹೆಣ್ಣುಮಕ್ಕಳು ‘ಐ ಆಮ್ ಎಕ್ಸ್‌ಪೆಕ್ಟಿಂಗ್’ ಅಂತ ಅಷ್ಟಕ್ಕೇ ನಿಲ್ಲಿಸಿದರೆ ಬಸುರಿ ಅಂತ ಅರ್ಥ. ಗೆಳತಿಯೊಬ್ಬಳು ಪಾರ್ಸೆಲ್ ಬರುತ್ತೆ ಅಂತ ಹೇಳಲು ಹೋಗಿ ಹಾಗಂದಳು. ಆಫೀಸಿನವರೆಲ್ಲ ಸ್ವೀಟ್ ಎಲ್ಲಿ ಅಂತ ಕೇಳಿದರು!