ಉಪ್ಪು ನೀರು ಮತ್ತು ಹತ್ತು ಬೆರಳು

ಮಗಳು ಹುಟ್ಟಿದ ಮೂರನೇ ದಿನ ಆಸ್ಪತ್ರೆಯಲ್ಲಿ ಅವಳ ಕೈಗೆ ಟೇಪ್ ಹಚ್ಚಿದ್ದರು. ತೆಗೆಯುವಾಗ ಟೇಪಿನ ಜೊತೆ ಚರ್ಮವೂ ಎದ್ದು ಬಂತು. ಆಮೇಲೆ ಅವಳ ಮೈಗೆ ಅಂಟುವಂಥದ್ದು ಏನನ್ನೂ ಹಾಕಿಲ್ಲ. ಈಗ ಅವಳಿಗೆ ಆರು ವರ್ಷ.

ಕಾಯಿಲೆಯ ಹೆಸರು ಎಪಿಡರ್ಮೋಲೈಸಿಸ್ ಬುಲ್ಲೋಸಾ. ಚಿಕ್ಕದಾಗಿ ಇಬಿ ಅಂತಾರೆ. ಮೇಲಿನ ಚರ್ಮವನ್ನು ಕೆಳಗಿನ ಪದರಕ್ಕೆ ಹಿಡಿದಿಡುವುದು ಕೊಲಾಜೆನ್ 7 ಅನ್ನುವ ಪ್ರೋಟೀನ್. ಅವಳ ಮೈಯಲ್ಲಿ ಅದು ಸರಿಯಾಗಿ ತಯಾರಾಗುವುದಿಲ್ಲ. ಸ್ವಲ್ಪ ಉಜ್ಜಿದರೂ ನೀರುಗುಳ್ಳೆ ಏಳುತ್ತದೆ, ಒಡೆದರೆ ಹಸಿ ಗಾಯ.

ನನ್ನ ಗಂಡ ನನಗೆ ಸೋದರಮಾವ. ಪರೀಕ್ಷೆ ಮಾಡಿಸಿದಾಗ ಇಬ್ಬರ ಜೀನ್‌ನಲ್ಲೂ ಒಂದೇ ದೋಷ ಸಿಕ್ಕಿತು. ನಮಗೆ ಏನೂ ಆಗಿಲ್ಲ. ಇಬ್ಬರಿಂದಲೂ ಅದೇ ಮಗುವಿಗೆ ಹೋದರೆ ಮಾತ್ರ ಕಾಯಿಲೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಭಯ ಇದ್ದೇ ಇರುತ್ತದೆ. ಊರಲ್ಲಿ ಸರ್ಪದೋಷ ಅಂದರು. ಕುಕ್ಕೆಗೆ ಹೋಗಿ ಬಂದೆವು, ನನಗೆ ಭಕ್ತಿಯೂ ಇದೆ. ಆದರೆ ಗಾಯ ತೊಳೆಯುವುದನ್ನು ಮಾತ್ರ ಬಿಡಲಿಲ್ಲ. ಇದು ಅಂಟುರೋಗ ಅಲ್ಲ ಅಂತ ನೆಂಟರಿಗೆ ಇವತ್ತಿಗೂ ಹೇಳುತ್ತಲೇ ಇದ್ದೇನೆ.

ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಎರಡು ಗಂಟೆ ಹಿಡಿಯುತ್ತದೆ. ಮೊದಲ ವರ್ಷ ನಾನು ಬೇಗ ಬೇಗ ಬಿಚ್ಚುತ್ತಿದ್ದೆ. ಬೇಗ ಆದರೆ ನೋವೂ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಒಣಗಿ ಅಂಟಿದ ಬಟ್ಟೆಯ ಜೊತೆ ಆಗಷ್ಟೇ ಬಂದ ಹೊಸ ಚರ್ಮವೂ ಕಿತ್ತು ಬರುತ್ತಿತ್ತು. ವಾಸಿಯಾಗುತ್ತಿದ್ದ ಗಾಯವನ್ನು ನಾನೇ ಮತ್ತೆ ಹಸಿ ಮಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬರೀ ನೀರಿನಲ್ಲಿ ನೆನೆಸೋಣ ಅಂದರೆ ಮಗು ಕಿರುಚುತ್ತಿತ್ತು. ಚರ್ಮದ ಡಾಕ್ಟರು ನೀರಿಗೆ ಉಪ್ಪು ಹಾಕಿ ಅಂದರು. ಗಾಯಕ್ಕೆ ಉಪ್ಪಾ! ಎರಡು ವಾರ ನನಗೆ ಧೈರ್ಯವೇ ಬರಲಿಲ್ಲ. ಲೆಕ್ಕ ಸುಲಭ: ಲೀಟರಿಗೆ 9 ಗ್ರಾಂ. ನಮ್ಮ ಟಬ್ಬಿಗೆ 20 ಲೀಟರ್ ಬೆಚ್ಚಗಿನ ನೀರು, 180 ಗ್ರಾಂ ಉಪ್ಪು. ಕೈ ಅಂದಾಜಿನಲ್ಲಿ ಹಾಕುವುದಿಲ್ಲ, ತೂಗಿಯೇ ಹಾಕುತ್ತೇನೆ. ಮೈಯೊಳಗಿನ ನೀರಿನಷ್ಟೇ ಉಪ್ಪು ಟಬ್ಬಿನ ನೀರಿಗೂ ಇದ್ದರೆ ಉರಿಯುವುದಿಲ್ಲ. ಮೊದಲ ದಿನ ಅವಳು ಟಬ್ಬಿನಲ್ಲಿ ಸುಮ್ನೆ ಕೂತಳು. ನಾನು ಪಕ್ಕದಲ್ಲಿ ಕೂತು ಅತ್ತೆ.

ಈಗ ಅರ್ಧ ಗಂಟೆ ಮೊದಲೇ ಡಾಕ್ಟರು ಹೇಳಿದ ಅಳತೆಯ ನೋವಿನ ಸಿರಪ್ ಕೊಡುತ್ತೇನೆ. ಬಟ್ಟೆ ತಾನಾಗಿ ಬಿಡುವವರೆಗೂ ಅವಳು ನೀರಿನಲ್ಲಿ ಇರುತ್ತಾಳೆ. "ಅಮ್ಮಾ, ನಾನೇ ತೆಗೀತೀನಿ" ಅಂತ ಒಂದು ದಿನ ಅಂದಳು. ಅವತ್ತಿನಿಂದ ಅವಳೇ ಬಿಚ್ಚುವುದು. ಎಲ್ಲಿ ನಿಲ್ಲಿಸಬೇಕು ಅನ್ನುವುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಹೊಸ ಗುಳ್ಳೆ ಇದ್ದರೆ ಸ್ಟೆರೈಲ್ ಸೂಜಿಯಿಂದ ಅದರ ತಗ್ಗಿನ ಕಡೆ ಚುಚ್ಚಿ ನೀರು ಇಳಿಸುತ್ತೇನೆ. ಬಿಟ್ಟರೆ ಅದು ಹರಡುತ್ತಾ ಹೋಗುತ್ತದೆ. ಮೇಲಿನ ಚರ್ಮ ಕೀಳುವುದಿಲ್ಲ, ಗಾಯಕ್ಕೆ ಅದೇ ಹೊದಿಕೆ. ಅದರ ಮೇಲೆ ಅಂಟದ ಸಿಲಿಕೋನ್ ಡ್ರೆಸ್ಸಿಂಗ್, ಆಮೇಲೆ ಮೆತ್ತನೆಯ ಸುತ್ತುಬಟ್ಟೆ. ಫ್ರಾಕನ್ನು ಒಳಹೊರಗು ಮಾಡಿ ಹಾಕುತ್ತೇನೆ, ಹೊಲಿಗೆ ಮೈಗೆ ತಾಗಬಾರದು. ಕಂಕುಳಿಗೆ ಕೈ ಕೊಟ್ಟು ಎತ್ತುವುದಿಲ್ಲ.

ಜಾಸ್ತಿ ಹೊತ್ತು ಹೋಗುವುದು ಬೆರಳುಗಳಿಗೆ. ಈ ಬಗೆಯ ಇಬಿಯಲ್ಲಿ ಗಾಯ ಮಾಯುವಾಗ ಪಕ್ಕಪಕ್ಕದ ಬೆರಳುಗಳು ಕೂಡಿಕೊಂಡು ಬಿಡುತ್ತವೆ. ಅದಕ್ಕೆ ಡ್ರೆಸ್ಸಿಂಗನ್ನು ಸಣ್ಣ ಪಟ್ಟಿ ಮಾಡಿ ಕತ್ತರಿಸಿ, ಪ್ರತಿ ಬೆರಳಿಗೂ ಬೇರೆ ಬೇರೆ ಸುತ್ತುತ್ತೇನೆ. ಬೆರಳಿನ ಸಂದಿಯಲ್ಲೂ ಒಂದೊಂದು ಪಟ್ಟಿ ಹಾಯಬೇಕು. ಬಿಗಿಯಾದರೆ ಬಾವು, ಸಡಿಲವಾದರೆ ಜಾರುತ್ತದೆ.

2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗಾಯದ ಮೇಲೆ ಹಚ್ಚುವ ಜೀನ್ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ಕೊಲಾಜೆನ್ 7 ತಯಾರಿಸುವ ಜೀನನ್ನು ಅದು ಗಾಯದೊಳಗೆ ಮುಟ್ಟಿಸುತ್ತದೆ. ನಮ್ಮ ಕೈಗೆ ಅದಿನ್ನೂ ಎಟುಕಿಲ್ಲ. ಹೋದ ತಿಂಗಳಿಂದ ಎಡಗೈಯ ಕಿರುಬೆರಳಿನ ಸಂದಿ ಸ್ವಲ್ಪ ಮೇಲೇರಿದ ಹಾಗೆ ಕಾಣುತ್ತಿದೆ. ಆ ಕೈಯನ್ನು ಈಗ ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ ನೋಡುತ್ತೇನೆ.