ಹಿಂದಿನ ಕಾಲು ಮೊದಲು: ವೆಲಿಗಮದಲ್ಲಿ ನಾನು ಸರ್ಫಿಂಗ್ ಕಲಿತದ್ದು

ನನಗೆ 46 ವರ್ಷ, ತೂಕ 84 ಕೆಜಿ. ಈಜು ಬರುತ್ತದೆ, ಆದರೆ ಅದು ಕೆರೆ ಈಜು. ಸರ್ಫಿಂಗ್ ಕಲಿಯಲು ಶ್ರೀಲಂಕಾಕ್ಕೆ ಹೋಗುತ್ತೇನೆ ಅಂದಾಗ ನಮ್ಮ ಗುಂಪಿನ ಹುಡುಗರು "ಮೊದಲು ಆರು ತಿಂಗಳು ಜಿಮ್‌ಗೆ ಹೋಗಿ ಸಾರ್" ಅಂದರು. ನಾನು ಜಿಮ್‌ಗೆ ಹೋಗಲಿಲ್ಲ, ಟಿಕೆಟ್ ತೆಗೆದೆ. ಮೂರು ವರ್ಷದ ಹಿಂದೆ ಮೂಲ್ಕಿಯಲ್ಲಿ ಇದನ್ನೇ ಕಲಿಯಲು ಎರಡು ದಿನ ಒದ್ದಾಡಿದ್ದೆ. ಮೊಣಕಾಲೂರಿ ದಡ ಸೇರಿದ್ದೇ ಆಗ ನನ್ನ ಸಾಧನೆ. ಅದು ಮೂಲ್ಕಿಯ ತಪ್ಪಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತು ಬೇಡ. ನನ್ನಂಥವನಿಗೆ ಎರಡು ದಿನ ಸಾಲದು, ಅಷ್ಟೇ.

ವೆಲಿಗಮವನ್ನು ಆರಿಸಿದ್ದಕ್ಕೆ ದೊಡ್ಡ ಲೆಕ್ಕಾಚಾರವೇನೂ ಇರಲಿಲ್ಲ. ಸಿಂಹಳದಲ್ಲಿ ವೆಲಿ ಅಂದರೆ ಮರಳು, ಗಮ ಅಂದರೆ ಊರು. ಹೆಸರಿಗೆ ತಕ್ಕ ಹಾಗೆ ಕೊಲ್ಲಿಯ ತಳದಲ್ಲಿ ಮರಳಿದೆ, ಬಿದ್ದರೆ ಬಂಡೆಯಷ್ಟು ಪೆಟ್ಟಾಗುವುದಿಲ್ಲ. ದಕ್ಷಿಣ ಕರಾವಳಿಗೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಆಮೇಲೆ ಎಲ್ಲರೂ ಪೂರ್ವದ ಅರುಗಂ ಬೇ ಕಡೆ ಹೊರಡುತ್ತಾರೆ. ನಾನು ಹೋಗಿದ್ದು 2025ರ ಫೆಬ್ರವರಿ ಮೊದಲ ವಾರ, ಹನ್ನೊಂದು ರಾತ್ರಿಗೆ. ಊರಲ್ಲಿ ಯಾರಿಗೂ ಯಾವ ಅವಸರವೂ ಇಲ್ಲ. ನಾಯಿಗಳು ಕೂಡ ರಸ್ತೆ ಮಧ್ಯೆ ಮಲಗಿರುತ್ತವೆ, ಟುಕ್‌ಟುಕ್‌ಗಳೇ ಸುತ್ತು ಹಾಕಿಕೊಂಡು ಹೋಗಬೇಕು.

ಮೊದಲ ಪೆಟ್ಟು ನೀರಿಗೆ ಇಳಿಯುವ ಮುಂಚೆಯೇ ಬಿತ್ತು. ವಿಮಾನ ರಾತ್ರಿ ಇಳಿಯುವ ಹಾಗೆ ಬುಕ್ ಮಾಡಿದ್ದೆ. ಕೊಲಂಬೊದಿಂದ ಕಡಲ ಪಕ್ಕದಲ್ಲೇ ಓಡುವ ರೈಲಿನ ಹೊತ್ತು ಮುಗಿದಿತ್ತು, ಟ್ಯಾಕ್ಸಿಗೆ 22 ಸಾವಿರ ಸುರಿದೆ. ಅವರ ರೂಪಾಯಿ ಅನ್ನಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯದು ಸುಮಾರು ಮೂರೂವರೆ ಸಿಗುತ್ತಿತ್ತು. ವಾಪಸ್ ಬರುವಾಗ ಅದೇ ದೂರವನ್ನು ರೈಲು, ಬಸ್ಸು ಸೇರಿ ಒಂದೂವರೆ ಸಾವಿರದೊಳಗೆ ಮುಗಿಸಿದೆ. ದಯವಿಟ್ಟು ಹಗಲು ವಿಮಾನ ಹಿಡಿಯಿರಿ.

ಮೊದಲ ಎರಡು ದಿನ ಪಾಠ. ಒಂದು ಪಾಠಕ್ಕೆ ನಾಲ್ಕು ಸಾವಿರ, ಬೋರ್ಡ್ ಸೇರಿ. ಕಲಿಸಿದ ಹುಡುಗನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ಮಾತು ಮಾತಿಗೂ "ಹರಿ, ಹರಿ" ಅನ್ನುತ್ತಿದ್ದ. ಇವನು ಯಾಕೆ ಪ್ರತಿ ಅಲೆಗೂ ದೇವರ ಹೆಸರು ಹೇಳುತ್ತಾನೆ, ಅಷ್ಟು ಅಪಾಯ ಇದೆಯಾ ಅಂತ ನನಗೆ ಗಾಬರಿ. ಆಮೇಲೆ ಗೊತ್ತಾಯಿತು, ಹರಿ ಅಂದರೆ ನಮ್ಮ "ಸರಿ". ಮೊದಲ ದಿನ ಅವನು ಹಿಂದಿನಿಂದ ತಳ್ಳಿದಾಗ ಐದಾರು ಸಲ ಎದ್ದು ನಿಂತೆ. ದಡದಲ್ಲಿ ಯಾರೋ ಚಪ್ಪಾಳೆ ಹೊಡೆದರು. ಫೋಟೋ ತೆಗೆಸಿ ಮನೆಗೂ ಕಳಿಸಿದೆ. ಎರಡನೇ ದಿನ "ತಳ್ಳಬೇಡ" ಅಂದೆ. ಒಂದೂವರೆ ಗಂಟೆಯಲ್ಲಿ ಒಂದೇ ಒಂದು ಸಲವೂ ನಿಲ್ಲಲಾಗಲಿಲ್ಲ. ಆಗ ತಿಳಿಯಿತು, ಮೊದಲ ದಿನ ನಾನು ಸರ್ಫ್ ಮಾಡಿರಲಿಲ್ಲ, ಅವನು ನನ್ನನ್ನು ಎಸೆದಿದ್ದ.

ಮೂರನೇ ದಿನ ಹಾಸಿಗೆಯಿಂದ ಏಳುವುದೇ ಕಷ್ಟವಾಯಿತು. ಪಕ್ಕೆಲುಬು ನೋವು, ಎದೆ ಚರ್ಮ ಕೆಂಪು ಕೆಂಪು. ಹಲ್ಲುಜ್ಜಲು ಕೈ ಎತ್ತಲಾಗುತ್ತಿಲ್ಲ. ಆ ದಿನ ರಜೆ ಹಾಕಿ ರೂಮಿನಲ್ಲಿ ಕೂತು ಫೋನಿನಲ್ಲಿದ್ದ ನನ್ನದೇ ವಿಡಿಯೋ ನೋಡಿದೆ. ನನ್ನ ಸರ್ಫಿಂಗ್ ಕಲಿಕೆ ಶುರುವಾಗಿದ್ದು ನಿಜವಾಗಿ ಅಲ್ಲಿ.

ವಿಡಿಯೋದಲ್ಲಿ ಎರಡು ವಿಷಯ ಕಂಡವು. ಒಂದು, ನಾನು ತಪ್ಪು ಕಾಲನ್ನು ಮುಂದಿಡುತ್ತಿದ್ದೆ. ಮೊದಲ ದಿನ ಹಿಂದಿನಿಂದ ತಳ್ಳಿ ಪರೀಕ್ಷೆ ಮಾಡಿದಾಗ ಎಡಗಾಲು ಮುಂದೆ ಬಿತ್ತು, ಹಾಗಾಗಿ ರೆಗ್ಯುಲರ್ ಅಂತ ಮುದ್ರೆ ಒತ್ತಿದ್ದರು. ಆದರೆ ಪ್ರತಿ ಸಲ ಬೀಳುವಾಗ ಬಲಗಾಲು ತಾನಾಗಿ ಮುಂದೆ ನುಗ್ಗುತ್ತಿತ್ತು. ಅಂದರೆ ನಾನು ಗೂಫಿ. ತಳ್ಳುವ ಪರೀಕ್ಷೆಯನ್ನು ನಂಬಬೇಡಿ. ಒದ್ದೆ ಬಚ್ಚಲಲ್ಲಿ ಜಾರಿದಾಗ ಯಾವ ಕಾಲು ಮುಂದೆ ಹೋಗುತ್ತದೋ ಅದೇ ಸರಿ.

ಎರಡನೆಯದು ಹೊಟ್ಟೆ. ಒಂದೇ ನೆಗೆತಕ್ಕೆ ಎರಡೂ ಕಾಲು ಎದೆ ಕೆಳಗೆ ತರಬೇಕು ಅನ್ನುವ ಪಾಪ್‌ಅಪ್ ಇಪ್ಪತ್ತರ ಹುಡುಗರಿಗೆ ಸರಿ. ನನ್ನ ಹೊಟ್ಟೆಗೂ ಬೋರ್ಡಿಗೂ ನಡುವೆ ಕಾಲು ತೂರುವಷ್ಟು ಜಾಗವೇ ಇಲ್ಲ. ಮುಂದಿನ ಕಾಲು ಅರ್ಧಕ್ಕೆ ನಿಲ್ಲುತ್ತದೆ, ಮೊಣಕಾಲು ಊರುತ್ತದೆ, ಬೋರ್ಡ್ ಪಕ್ಕಕ್ಕೆ ವಾಲುತ್ತದೆ, ಮೂಗಿನಲ್ಲಿ ಉಪ್ಪುನೀರು. ಅದಕ್ಕೇ ನೆಗೆಯುವುದನ್ನೇ ಬಿಟ್ಟೆ. ಮೊದಲು ಹಿಂದಿನ ಕಾಲನ್ನು, ನನ್ನ ಮಟ್ಟಿಗೆ ಎಡಗಾಲನ್ನು, ಮೊಣಕಾಲು ಹೊರಗೆ ಮಡಚಿ ಬೋರ್ಡಿನ ಹಿಂಭಾಗದಲ್ಲಿ ಅಡ್ಡವಾಗಿ ಇಡುವುದು. ಪಾದ ಪೂರ್ತಿ ಊರಿದ ಮೇಲೆ ಸೊಂಟ ತಾನಾಗಿ ಮೇಲೇಳುತ್ತದೆ, ಹೊಟ್ಟೆ ಕೆಳಗೆ ಬಾಗಿಲು ತೆರೆದಂತೆ ಜಾಗ ಆಗುತ್ತದೆ. ಆಗ ಬಲಗಾಲು ಎರಡು ಕೈಗಳ ನಡುವೆ ಬಂದು ಕೂರುತ್ತದೆ. ಇದು ನಾನು ಕಂಡುಹಿಡಿದ ವಿದ್ಯೆಯಲ್ಲ, ಕೆಲವು ಕಡೆ ಹೀಗೇ ಕಲಿಸುತ್ತಾರೆ. ಆದರೆ ಗುಂಪಿನಲ್ಲಿ ಹೇಳಿದಾಗ ಬಂದ ಉತ್ತರ: "ಕೆಟ್ಟ ಅಭ್ಯಾಸ ಆಗುತ್ತೆ, ಆಮೇಲೆ ಬಿಡಿಸೋಕೆ ಆಗಲ್ಲ." ನನ್ನ ಹರಿ ಹರಿ ಹುಡುಗ ನಕ್ಕು, "ತಾತನ ಸ್ಟೈಲ್" ಅಂದ. ಇರಲಿ ಬಿಡಿ ಅಂದುಕೊಂಡೆ. ಆ ಸಂಜೆ ರೂಮಿನ ನೆಲದಲ್ಲಿ ಬೆಡ್‌ಶೀಟ್ ಹಾಸಿ ಸುಮಾರು ಎಂಬತ್ತು ಸಲ ಎದ್ದೆ. ಕೆಳಗಿನ ಮನೆಯವರು ಬಂದು ಏನಾದರೂ ಬಿತ್ತಾ ಅಂತ ಕೇಳಿದರು.

ನಾಲ್ಕನೇ ದಿನದಿಂದ ಪಾಠ ನಿಲ್ಲಿಸಿ ಬೋರ್ಡ್ ಮಾತ್ರ ಬಾಡಿಗೆಗೆ ತೆಗೆದುಕೊಂಡೆ. ಒಂಬತ್ತು ಅಡಿಯ ಸಾಫ್ಟ್‌ಟಾಪ್, ಅಂದರೆ ಮೇಲ್ಮೈ ಮೆತ್ತಗಿರುವ ಬೋರ್ಡ್, ಒಂದು ಸಲಕ್ಕೆ ಒಂದೂವರೆ ಸಾವಿರ. ನಾನೇ ಹಾಕಿಕೊಂಡ ಶಿಸ್ತು ಹೀಗಿತ್ತು: ಬೆಳಿಗ್ಗೆ ಆರೂಕಾಲಿಗೆ ನೀರಿನಲ್ಲಿರಬೇಕು, ಏಳೂವರೆಗೆ ಹೊರಗೆ. ಸೊಂಟದ ನೀರು ದಾಟಬಾರದು. ಹತ್ತು ವೈಟ್‌ವಾಟರ್ ಅಲೆಯಲ್ಲಿ, ಅಂದರೆ ಒಡೆದು ನೊರೆಯಾಗಿ ಬರುವ ಅಲೆಯಲ್ಲಿ, ಎಂಟರಲ್ಲಿ ನಿಲ್ಲುವವರೆಗೆ ಲೈನಪ್ ಕಡೆ, ಎಲ್ಲರೂ ಅಲೆಗೆ ಕಾಯುವ ಆಚೆಯ ಜಾಗದ ಕಡೆ, ಕಣ್ಣೆತ್ತಿಯೂ ನೋಡಬಾರದು. ಬೆಳಿಗ್ಗೆಯೇ ಯಾಕೆ ಅಂದರೆ ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಇಸ್ತ್ರಿ ಹಾಕಿದ ಹಾಗೆ ಇರುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ಎಲ್ಲಾ ಕಲಸುಮೇಲೋಗರ. ಜೊತೆಗೆ ಹತ್ತು ಗಂಟೆ ಮೇಲೆ ಆ ಕೊಲ್ಲಿ ಸಂತೆಯಾಗುತ್ತದೆ. ಒಂದೇ ಅಲೆಯ ಮೇಲೆ ಏಳು ಜನ, ಅವರಲ್ಲಿ ಆರು ಜನಕ್ಕೆ ಬ್ರೇಕ್ ಇಲ್ಲ.

ಪ್ರತಿ ಅಲೆಯ ಲೆಕ್ಕವನ್ನು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ನಾಲ್ಕನೇ ದಿನ ಮೂವತ್ತು ಚಿಲ್ಲರೆಯಲ್ಲಿ ನಾಲ್ಕು. ಐದನೇ ದಿನ ಮೂವತ್ತೈದರಲ್ಲಿ ಹದಿನಾಲ್ಕೋ ಹದಿನೈದೋ. ಕೊನೆಯ ಹತ್ತರಲ್ಲಿ ಸರಿಯಾಗಿ ಎಂಟು! ಇದು ಮಾತ್ರ ಚೆನ್ನಾಗಿ ನೆನಪಿದೆ. ನಿಂತಾಗ ಕಣ್ಣು ಬೋರ್ಡಿನ ಮೇಲೆ ಹೋಗದ ಹಾಗೆ ದಡದಲ್ಲಿ ಒಂದು ತೆಂಗಿನ ಮರ ಗೊತ್ತುಮಾಡಿಕೊಂಡಿದ್ದೆ. ಕಾಲು ನೋಡಿದ ಮರುಕ್ಷಣ ಕಾಲು ಇರುವ ಕಡೆಗೇ ತಲೆಯೂ ಹೋಗುತ್ತದೆ, ಗೊತ್ತಲ್ಲ.

ಎದೆಯ ಉರಿಗೆ ಒಂದು ಉಪಪ್ರಯೋಗ ಮಾಡಿದೆ. ಒಂದು ದಿನ ತೆಂಗಿನೆಣ್ಣೆ, ಒಂದು ದಿನ ವ್ಯಾಸಲೀನ್. ತೆಂಗಿನೆಣ್ಣೆ ಹಚ್ಚಿದ ದಿನ ಬೋರ್ಡಿನ ಮೇಲೆ ಮಲಗಿದರೆ ದೋಸೆ ಕಾವಲಿ ಮೇಲೆ ಮಲಗಿದ ಹಾಗೆ ಜಾರಿ ಇನ್ನೊಂದು ಕಡೆ ಬಿದ್ದೆ. ಬೋರ್ಡಿಗೆ ಹತ್ತಿದ ಎಣ್ಣೆ ತೊಳೆಯಲು ಅರ್ಧ ಗಂಟೆ ಹಿಡಿಯಿತು. ವ್ಯಾಸಲೀನ್ ಪರವಾಗಿಲ್ಲ, ಆದರೆ ಬಟ್ಟೆ ಒಳಗೆ ಮಾತ್ರ. ಕೊನೆಗೆ ಉಳಿದಿದ್ದು ಬಿಗಿಯಾದ ಉದ್ದ ತೋಳಿನ ರ‍್ಯಾಶ್‌ಗಾರ್ಡ್, ಚರ್ಮ ಉಜ್ಜದ ಹಾಗೆ ನೀರಿನಲ್ಲಿ ತೊಡುವ ಅಂಗಿ. ಅಲ್ಲೇ ಕೊಂಡೆ, ದುಬಾರಿಯಾಯಿತು. ಮನೆಯಿಂದಲೇ ಒಯ್ಯಿರಿ.

ಐದನೇ ದಿನದ ಎಂಟು ತಲೆಗೇರಿತು. ಆರನೇ ದಿನ ಏಳು ಅಡಿ ಬೋರ್ಡ್ ಕೇಳಿದೆ. ಬಾಡಿಗೆ ಕೊಡುವವನು ನನ್ನ ಹೊಟ್ಟೆ ನೋಡಿದ, ಬೋರ್ಡ್ ನೋಡಿದ, ಏನೂ ಹೇಳದೆ ದುಡ್ಡು ತೆಗೆದುಕೊಂಡ. ಇಪ್ಪತ್ತೈದು ಅಲೆಗೆ ಒಂದು ಸಲ ನಿಂತೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಚಿಕ್ಕ ಬೋರ್ಡ್ ನನ್ನ ತೂಕವನ್ನು ಸರಿಯಾಗಿ ತೇಲಿಸುವುದಿಲ್ಲ. ಪ್ಯಾಡಲ್ ಮಾಡಿದರೆ, ಅಂದರೆ ಮಲಗಿಕೊಂಡು ಕೈಬೀಸಿ ಮುಂದೆ ಸಾಗಿದರೆ, ನೀರಿನೊಳಗೆ ನೇಗಿಲು ಎಳೆದ ಹಾಗೆ. ಮಾರನೇ ದಿನ ಒಂಬತ್ತು ಅಡಿಗೆ ವಾಪಸ್. ನಾಚಿಕೆ ಬೇಡ, ಉದ್ದ ಬೋರ್ಡ್ ಅವಮಾನವಲ್ಲ.

ಏಳನೇ ದಿನ ಹುಣ್ಣಿಮೆ, ಅಲ್ಲಿ ಪೋಯ ರಜೆ. ಊರಿಡೀ ಬಿಳಿ ಬಟ್ಟೆ ತೊಟ್ಟು ದೇವಸ್ಥಾನಕ್ಕೆ ಹೊರಟಿತ್ತು, ಆ ದಿನ ಹೆಂಡ ಮಾರುವ ಹಾಗಿಲ್ಲ. ಆ ಕಡಲಲ್ಲಿ ಭರತ ಇಳಿತದ ವ್ಯತ್ಯಾಸ ಮೀಟರಿಗಿಂತ ಕಡಿಮೆಯೇ. ಆದರೂ ಹುಣ್ಣಿಮೆ ಆಸುಪಾಸಿನ ಇಳಿತದಲ್ಲಿ ಅಲೆಗಳು ಗೋಡೆ ಕುಸಿದಂತೆ ಒಂದೇ ಸಲ ದಬದಬ ಬೀಳುತ್ತಿದ್ದವು. ಒಂಬತ್ತು ಅಲೆ ಹಿಡಿದು ಎದ್ದು ಬಂದೆ. ಆಮೇಲೆ ರೂಮಿನ ಆಂಟಿ ಕೊಟ್ಟ ಆಪ್ಪ, ಪೊಲ್ ಸಂಬೋಲ ಅನ್ನುವ ತೆಂಗಿನತುರಿ ಚಟ್ನಿ ತಿಂದು ಮೂರು ಗಂಟೆ ನಿದ್ದೆ. ಈ ಮಧ್ಯಾಹ್ನದ ನಿದ್ದೆಯೂ ನನ್ನ ವಿಧಾನದ ಭಾಗವೇ, ಸೋಮಾರಿತನ ಅನ್ನಬೇಡಿ.

ಎಂಟನೇ ದಿನ ಹೊರಗೆ, ಲೈನಪ್‌ಗೆ ಹೋದೆ. ಮೊದಲ ಆರು ಗ್ರೀನ್ ವೇವ್‌ಗಳಲ್ಲೂ, ಅಂದರೆ ಇನ್ನೂ ಒಡೆಯದ ಅಲೆಗಳಲ್ಲೂ, ನೋಸ್‌ಡೈವ್. ಬೋರ್ಡಿನ ಮೂತಿ ನೀರಿಗೆ ಚುಚ್ಚಿ ನಾನು ಮುಂದಕ್ಕೆ ಪಲ್ಟಿ. ಆಮೇಲೆ ನಾಲ್ಕು ಬೆರಳು ಹಿಂದೆ ಸರಿದು ಮಲಗಿದೆ. ಈ ಸಲ ಅಲೆ ನನ್ನನ್ನು ಬಿಟ್ಟು ಹೋಯಿತು. ಎರಡರ ನಡುವೆ, ಎರಡು ಬೆರಳಿನಷ್ಟು ಜಾಗದಲ್ಲಿ ಸರಿಯಾದ ಅಳತೆ ಸಿಕ್ಕಿತು. ಗಲ್ಲದ ನೇರಕ್ಕೆ ಬೋರ್ಡಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಟ್ಟೆ. ಇದು ಯಾರು ಬೇಕಾದರೂ ಮಾಡಬಹುದು. ಇನ್ನೆರಡು ಗುಟ್ಟುಗಳಿವೆ. ಕೊಲ್ಲಿಯಲ್ಲಿ ಎಲ್ಲಿ ಕಾಯಬೇಕು ಅನ್ನುವುದಕ್ಕೆ ತಪ್ರಬೇನ್ ಅನ್ನುವ ಪುಟ್ಟ ದ್ವೀಪವನ್ನೂ ದಡದ ಇನ್ನೊಂದು ಗುರುತನ್ನೂ ಒಂದೇ ಗೆರೆಗೆ ತರಬೇಕು. ಆ ಇನ್ನೊಂದು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಮುಂದಿನ ಫೆಬ್ರವರಿಯಲ್ಲಿ ನನಗೇ ಜಾಗ ಇರುವುದಿಲ್ಲ, ಅಲ್ವಾ? ಎಷ್ಟನೇ ಕೈಬೀಸಿಗೆ ಏಳಬೇಕು ಅನ್ನುವ ಲೆಕ್ಕವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಮತ್ತೊಂದು ಅಲೆ ಬಂತು. ಕೈಬೀಸಿ, ಎಡಗಾಲು ಊರಿ, ತೆಂಗಿನ ಮರ ನೋಡಿದೆ. ಬಲಗಾಲು ಯಾವಾಗ ಬಂತೋ ಗೊತ್ತಿಲ್ಲ. ಶಬ್ದವೇ ನಿಂತುಹೋಯಿತು. ವೈಟ್‌ವಾಟರ್‌ನಲ್ಲಿ ಯಾವಾಗಲೂ ಕಿವಿ ತುಂಬ ಗದ್ದಲ, ಇಲ್ಲಿ ಬೋರ್ಡಿನ ಕೆಳಗೆ ಸುಯ್ ಅನ್ನುವ ಸಣ್ಣ ಸದ್ದು ಮಾತ್ರ. ಐದಾರು ಸೆಕೆಂಡ್ ಇರಬಹುದು. ದೂರದಿಂದ "ಹರಿ! ಹರಿ!" ಅಂತ ಕೂಗು. ತಿರುಗಿ ನೋಡಿದೆ, ಬಿದ್ದೆ.

ಒಂಬತ್ತನೇ ದಿನ ಅದೇ ಹುಡುಗನಿಗೆ ನಾಲ್ಕು ಸಾವಿರ ಕೊಟ್ಟು ಪಕ್ಕದ ಮಿಡಿಗಮದ ಲೇಜಿ ಲೆಫ್ಟ್ ಅನ್ನುವ ಸರ್ಫಿಂಗ್ ಜಾಗಕ್ಕೆ ಹೋದೆ. ಗೂಫಿಗೆ ಎಡಕ್ಕೆ ಒಡೆಯುವ ಅಲೆ ಅಂದರೆ ಮುಖಕ್ಕೆ ಮುಖ, ಹಬ್ಬ. ಆದರೆ ಅಲ್ಲಿ ಕೆಳಗೆ ಬಂಡೆ, ಬಂಡೆಯ ಸಂದಿಯಲ್ಲಿ ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಅನ್ನುವ ಕಡಲಜೀವಿಗಳು. ಅವನು ಕಾಲು ಊರಬೇಡ ಅಂತ ಹತ್ತು ಸಲ ಹೇಳಿದ್ದ. ಹನ್ನೊಂದನೇ ಸಲ ನಾನು ಊರಿದೆ. ಹಿಮ್ಮಡಿಯಿಂದ ಮೂರು ಮುಳ್ಳು ತೆಗೆಯಬೇಕಾಯಿತು. ಎರಡು ಒಳ್ಳೆಯ ಅಲೆ ಸಿಕ್ಕವು, ಮೂರು ಮುಳ್ಳಿಗೆ ಎರಡು ಅಲೆ. ದಾರಿಯಲ್ಲಿ ಕಡಲೊಳಗೆ ನೆಟ್ಟ ಕೋಲಿನ ಮೇಲೆ ಕೂತು ಗಾಳ ಹಾಕುವವರು ಕಂಡರು. ಈಗ ಹೆಚ್ಚಿನವರು ಪ್ರವಾಸಿಗರ ಫೋಟೋಗೆ ಕೂರುವವರಂತೆ. ಆದರೂ ಅಷ್ಟು ಸಣ್ಣ ಅಡ್ಡಪಟ್ಟಿಯ ಮೇಲೆ ಅಷ್ಟು ಆರಾಮಾಗಿ ಕೂತವರನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಹತ್ತನೇ ದಿನ ದುಡ್ಡಿನ ಪೆಟ್ಟು. ನಿಂತ ಖುಷಿಯಲ್ಲಿ ಇಳಿಯಲು ಮನಸ್ಸಾಗದೆ ಮೊಣಕಾಲು ನೀರಿನವರೆಗೂ ಬಂದೆ. ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ಮರಳಿಗೆ ತಾಗಿ ಟಪ್ ಅಂತ ಮುರಿಯಿತು. ಬಾಡಿಗೆಯವನು ಹದಿನೈದು ಸಾವಿರ ಕೇಳಿದ. ಕೆಳಭಾಗದ ಹಳೆ ಸೀಳು ಕೂಡ ನನ್ನದೇ ಅಂದ. ಮೊದಲೇ ಫೋಟೋ ತೆಗೆದಿರಲಿಲ್ಲ, ವಾದ ಮಾಡಲು ಸಾಕ್ಷಿ ಇಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ ಎಂಟಕ್ಕೆ ಒಪ್ಪಿಸಿದೆ. ಬೋರ್ಡ್ ಕೈಗೆ ಬಂದ ತಕ್ಷಣ ನಾಲ್ಕೂ ಕಡೆ ಫೋಟೋ ತೆಗೆಯಿರಿ, ಅವನ ಎದುರಿಗೇ.

ಒಟ್ಟು ಲೆಕ್ಕ ಅಂದಾಜಿಗೆ ಹೇಳುತ್ತೇನೆ. ರೂಮು 55 ಸಾವಿರ, ಮೂರು ಪಾಠ 12, ಒಂಬತ್ತು ಸಲ ಬೋರ್ಡ್ ಹದಿಮೂರೂವರೆ, ಫಿನ್ 8, ಊಟ ತಿರುಗಾಟ 33, ಆ ಹಾಳು ಟ್ಯಾಕ್ಸಿ 22. ಎಲ್ಲ ಅವರ ರೂಪಾಯಿ. ನಮ್ಮ ಲೆಕ್ಕಕ್ಕೆ 41 ಸಾವಿರ, ವಿಮಾನಕ್ಕೆ 22, ಒಟ್ಟು 63 ಸಾವಿರದ ಹತ್ತಿರ. ನೋಟ್‌ಬುಕ್ ಪ್ರಕಾರ ಯಾರೂ ತಳ್ಳದೆ ನಾನು ನಿಂತಿದ್ದು 160 ಸಲ. ಒಂದು ಸಲ ನಿಲ್ಲಲು ಸುಮಾರು 400 ರೂಪಾಯಿ ಬಿತ್ತು. ಎಲ್ಲ ಸೇರಿಸಿದರೆ ನಿಂತಿದ್ದು ಹತ್ತು ಹನ್ನೊಂದು ನಿಮಿಷ. ಹೆಂಡತಿಗೆ ಈ ಎರಡನೇ ಲೆಕ್ಕ ಹೇಳಿಲ್ಲ.

ಕೊನೆಯ ಬೆಳಿಗ್ಗೆ ಹನ್ನೆರಡು ಗ್ರೀನ್ ವೇವ್‌ಗೆ ಪ್ಯಾಡಲ್ ಮಾಡಿ ಏಳರಲ್ಲಿ ನಿಂತೆ. ಅದರಲ್ಲಿ ಮೂರು ಸಲ ಎಡಕ್ಕೆ ಓರೆಯಾಗಿ ಸಾಗಿದೆ. ವಿಡಿಯೋ ಗುಂಪಿಗೆ ಹಾಕಿದೆ. ಕೆಟ್ಟ ಅಭ್ಯಾಸ ಅಂದಿದ್ದವನು ಹೆಬ್ಬೆರಳು ಮಾತ್ರ ಒತ್ತಿ ಸುಮ್ನಾದ. ಬಲಕ್ಕೆ ತಿರುಗಲು ಇನ್ನೂ ಬರುವುದಿಲ್ಲ. ಬಲಕ್ಕೆ ಒಡೆಯುವ ಅಲೆ ಬಂದರೆ ಪಕ್ಕದವರಿಗೆ ಕೈ ತೋರಿಸಿ ಬಿಟ್ಟುಕೊಡುತ್ತೇನೆ. ಅವರು ನನ್ನನ್ನು ದೊಡ್ಡ ಮನಸ್ಸಿನವನು ಅಂದುಕೊಂಡು ಥ್ಯಾಂಕ್ಸ್ ಹೇಳುತ್ತಾರೆ.